ಬಂಡ್ರಿ ಕೋಳಿಯ ಬಿಳಿ ಮೊಟ್ಟೆ

ಕಂದು ಮೊಟ್ಟೆ ಎಂದರೆ ನಾಟಿ, ಬಿಳಿ ಮೊಟ್ಟೆ ಎಂದರೆ ಫಾರಂ ಎಂದು ಮೊದಲು ಹೇಳಿದವರು ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಅವರ ಜೊತೆ ನನ್ನದೊಂದು ಜಗಳ ಬಾಕಿ ಇದೆ. ಹೊಸಪೇಟೆ ಮಾರ್ಕೆಟ್ಟಿನಲ್ಲಿ ಇದೇ ಮಾತು. ಹಂಪಿ ರಸ್ತೆಯ ಆಮ್ಲೆಟ್ ಗಾಡಿಗಳ ಬೋರ್ಡಿನ ಮೇಲೂ ಕಂದು ಮೊಟ್ಟೆಯದೇ ಚಿತ್ರ. ಒಂದು ಸಲ ಮಾರ್ಕೆಟ್ಟಿನಲ್ಲಿ ಒಬ್ಬನ ಬುಟ್ಟಿಯಿಂದ ಮೊಟ್ಟೆಯೊಂದನ್ನು ಎತ್ತಿ, ಸೆರಗಿನ ತುದಿ ಒದ್ದೆ ಮಾಡಿ ತಿಕ್ಕಿದೆ. ಚಹಾದ ಡಿಕಾಕ್ಷನ್ ಬಣ್ಣ ಸೆರಗಿಗೆ ಹತ್ತಿತು. "ಏನ್ರೀ ಇದು?" ಅಂದೆ. "ತಗೊಳ್ಳಂಗಿದ್ರ ತಗೋರಿ, ಇಲ್ಲಾಂದ್ರ ಮುಂದ ನಡೀರಿ" ಅಂದ. ಹಿಂದೆ ನಿಂತಿದ್ದವರು ನನ್ನನ್ನು ಸರಿಸಿಕೊಂಡು ಬಂದು ಅದೇ ಬುಟ್ಟಿಯಿಂದ ಕೊಂಡರು.

ನಾನು ಹುಟ್ಟಿದ್ದು ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ, ಕೊಟ್ಟದ್ದು ಹೊಸಪೇಟೆ ಹತ್ತಿರದ ಪಾಪಿನಾಯಕನಹಳ್ಳಿಗೆ. ನಮ್ಮವ್ವನ ಹಿತ್ತಲ ತುಂಬ ಕೋಳಿ. ಯಾವ ಕೋಳಿ ಯಾವ ಬಣ್ಣದ ಮೊಟ್ಟೆ ಇಡುತ್ತದೆ ಎಂದು ಕೇಳಿದರೆ, "ಪುಕ್ಕ ನೋಡಿ ಮೋಸ ಹೋಗಬ್ಯಾಡ, ಕಿವಿ ನೋಡು" ಎನ್ನುತ್ತಿದ್ದಳು. ಕೋಳಿಯ ಕಿವಿಯ ಕೆಳಗೆ ಓಲೆಯ ಹಾಗೆ ಒಂದು ಚರ್ಮದ ತುಣುಕು ಇರುತ್ತದೆ. ಅದು ಬೆಳ್ಳಗಿದ್ದರೆ ಮೊಟ್ಟೆಯೂ ಹೆಚ್ಚಾಗಿ ಬೆಳ್ಳಗೆ, ಕೆಂಪಗಿದ್ದರೆ ಮೊಟ್ಟೆ ಕಂದು. ಎಲ್ಲ ಕೋಳಿಗೂ ಈ ಲೆಕ್ಕ ಕೂಡುವುದಿಲ್ಲ, ನಮ್ಮ ಹಿತ್ತಲಿನ ಮಟ್ಟಿಗೆ ಕೂಡುತ್ತಿತ್ತು. ಆನೆಯಂಥ ಮೈಯ ಗಿರಿರಾಜ ತಳಿಯ ಕೋಳಿ ಕಂದು ಮೊಟ್ಟೆ ಇಡುತ್ತದೆ. ಅದನ್ನು ಹುಟ್ಟಿಸಿದವರು ಮನುಷ್ಯರು, ನಾಟಿ ಎಂದು ಮಾರುವವರೂ ಮನುಷ್ಯರೇ. ಹುಂಜ ಕಾಣದ ಫಾರಮ್ಮಿನ ಬಿಳಿ ಕೋಳಿಯದು ಸುಣ್ಣದಂಥ ಬಿಳಿ, ಕಾವು ಕೊಟ್ಟರೂ ಮರಿಯಾಗದು. ಕಡಕ್‌ನಾಥ್ ಕೋಳಿಗೆ ಮೈ, ಮೂಳೆ, ಮಾಂಸ ಎಲ್ಲ ಕಪ್ಪು, ಮೊಟ್ಟೆ ಮಾತ್ರ ಕಪ್ಪಲ್ಲ. ಕಪ್ಪು ಮೊಟ್ಟೆ ಬೇಕೆಂದು ಕೇಳಿದ ಮಹಾನುಭಾವರನ್ನೂ ನಾನು ಕಂಡಿದ್ದೇನೆ.

ಅವ್ವನದು ಬೋಳು ಕುತ್ತಿಗೆಯ, ಚುಕ್ಕೆ ಪುಕ್ಕದ, ಬಿಳಿ ಕಿವಿಯ ಕೋಳಿ. ಅದರ ಮೊಟ್ಟೆ ಸಣ್ಣದು, ಹಾಲಿನ ಕೆನೆಯ ಬಣ್ಣದ್ದು. ಬಾಣಂತನ ಮುಗಿಸಿ ಮಗಳನ್ನು ಗಂಡನ ಮನೆಗೆ ಕಳಿಸುವಾಗ ತೊಟ್ಟಿಲಿನ ಜೊತೆ ಒಂದು ಹೇಂಟೆ, ಒಂದು ಹುಂಜ ಕೊಡುವುದು ನಮ್ಮ ಮನೆಯ ಪದ್ಧತಿ. ತವರಿನ ಆ ಕೋಳಿಯನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ. ಅದರ ಮರಿಗಳನ್ನು ಏನು ಬೇಕಾದರೂ ಮಾಡಿಕೋ, ಆದರೆ ಒಂದು ಜೋಡಿ ಯಾವಾಗಲೂ ಉಳಿದಿರಬೇಕು. ಅವ್ವನಿಗೆ ಅವಳ ಅವ್ವ ಕೊಟ್ಟದ್ದು ನನಗೆ ಬಂತು. ಅವ್ವ ಈಗಿಲ್ಲ. ಅವಳದು ಅಂತ ನನ್ನ ಹತ್ತಿರ ಜೀವ ಇರುವುದು ಏನಾದರೂ ಇದ್ದರೆ ಅವು ಈ ಕೋಳಿಗಳೇ.

ನನ್ನ ಮಗಳನ್ನು ಕಂಪ್ಲಿಗೆ ಕೊಟ್ಟಿದ್ದೇವೆ. ಅವಳು ಚೊಚ್ಚಲ ಹೆರಿಗೆಗೆ ಬಂದ ಬೇಸಿಗೆಯಲ್ಲೇ ಊರಿಗೆ ಕೊಕ್ಕರೆ ರೋಗ ಬಂತು. ಹಸಿರು ಬೇಧಿ, ತಿರುಚಿದ ಕುತ್ತಿಗೆ, ಬೆಳಗಾದರೆ ಸತ್ತು ಬಿದ್ದ ಕೋಳಿ. ಹಿತ್ತಲು ಖಾಲಿಯಾಯಿತು. ಹುಂಜವೂ ಹೋಯಿತು. ಉಳಿದದ್ದು ಒಂದೇ ಹೇಂಟೆ. ಹುಂಜ ಹೋದ ಮೇಲೂ ಕೆಲವು ದಿನ ಹೇಂಟೆ ಇಡುವ ಮೊಟ್ಟೆಯಲ್ಲಿ ಜೀವ ಇರುತ್ತದೆ. ಆ ದಿನಗಳ ಮೊಟ್ಟೆಗಳನ್ನು ಒಂದೊಂದಾಗಿ ಆರಿಸಿ ತೌಡಿನ ಬುಟ್ಟಿಯಲ್ಲಿಟ್ಟೆ. ಅವೇ ಕೊನೆಯವು. ಅವು ಮರಿಯಾದರೆ ಮಗಳ ಜೊತೆ ಕಳಿಸಲು ಒಂದು ಜೋಡಿ ಆಗುತ್ತದೆ, ಇಲ್ಲದಿದ್ದರೆ ಅವ್ವನ ಕೋಳಿ ನನ್ನ ಕೈಯಲ್ಲಿ ಮುಗಿಯುತ್ತದೆ. ಬುಟ್ಟಿಯ ಹತ್ತಿರ ಬೆಕ್ಕು ಸುಳಿದರೂ ನನಗೆ ಜೀವ ಹೋದಂತಾಗುತ್ತಿತ್ತು.

ಹೇಂಟೆ ಕಾವಿಗೆ ಬರುವುದಕ್ಕೂ ಮಗಳಿಗೆ ನೋವು ಬರುವುದಕ್ಕೂ ಸರಿಹೋಯಿತು. ನಾನೂ ನನ್ನ ಗಂಡನೂ ಹೊಸಪೇಟೆಯ ಆಸ್ಪತ್ರೆಗೆ ಹೊರಟೆವು. ಮನೆ ನೋಡಿಕೊಳ್ಳಲು ನನ್ನ ತಮ್ಮ ಬಂದ. ಅವನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸದವನು, ರಾತ್ರಿ ಶಿಫ್ಟ್ ಮುಗಿಸಿ ನೇರ ಬಸ್ಸಿನಿಂದ ನಮ್ಮ ಮನೆಗೇ ಇಳಿದ. ಅವಸರದಲ್ಲಿ ಹೇಳಿದೆ: "ಸಂಜಿ ಮುಂದ ನಾಟಿ ಮೊಟ್ಟಿ ಇಟ್ಟು ಕೋಳಿ ಕೂಡಿಸಲೇ. ಬುಟ್ಟ್ಯಾಗ ಅದಾವ. ಮಸಿ ಗೀರು ಹಾಕು, ಅವ್ವನ ಕಲ್ಲು ಇಡೋದು ಮರೀಬ್ಯಾಡ." ಮಸಿ ಗೀರು ಕಾವಿಗಿಟ್ಟ ಮೊಟ್ಟೆಯ ಗುರುತು. ಅವ್ವನ ಕಲ್ಲು ಎಂದರೆ ಬಂಡ್ರಿ ಗುಡ್ಡದ ಕಬ್ಬಿಣದ ಅದಿರಿನ ತುಂಡು. ಅದು ಗೂಡಿನಲ್ಲಿದ್ದರೆ ಗುಡುಗಿಗೆ ಮೊಟ್ಟೆ ಕೆಡುವುದಿಲ್ಲ ಎಂದು ಅವ್ವನ ನಂಬಿಕೆ. "ಹೋಗಕ್ಕಾ, ನಾನೇನ್ ಕೋಳಿ ಕಾಣದವನಾ?" ಅಂದ.

ಮೊಮ್ಮಗಳನ್ನು ಎತ್ತಿಕೊಂಡು ಮನೆಗೆ ಬಂದಾಗ ಹೇಂಟೆ ಗೂಡಿನಲ್ಲಿ ಗಟ್ಟಿಯಾಗಿ ಕೂತಿತ್ತು. ಹತ್ತಿರ ಹೋದರೆ ಪುಕ್ಕ ಕೆದರಿ ಗುರುಗುಟ್ಟಿತು. ಕಾವಿಗೆ ಕೂತ ಕೋಳಿಯನ್ನು ಎತ್ತಿ ನೋಡಬಾರದು, ಕಣ್ಣು ಬಿದ್ದರೆ ಮೊಟ್ಟೆ ಕಲ್ಲಾಗುತ್ತದೆ ಎನ್ನುತ್ತಿದ್ದಳು ಅವ್ವ. ನಾನು ಎತ್ತಲಿಲ್ಲ. ಮೂರು ವಾರ ಅದಕ್ಕೆ ಕಾಳು, ನೀರು ಇಟ್ಟೆ. ಒಳಗೆ ಬಾಣಂತಿ, ಹೊರಗೂ ಬಾಣಂತಿ ಎಂದು ಮಗಳನ್ನು ನಗಿಸಿದೆ.

ಮರಿ ಒಡೆಯುವ ಹೊತ್ತಿಗೆ ಗೂಡಿನಿಂದ ಚಿಂವ್ ಎನ್ನುವ ಸದ್ದೇ ಇಲ್ಲ. ಇನ್ನೂ ಎರಡು ದಿನ ಕಾದೆ. ಮೂರನೆಯ ದಿನ ಕೊಳೆತ ವಾಸನೆ ಬಂತು. ಕೈಗೆ ಕುಕ್ಕಿಸಿಕೊಂಡೇ ಹೇಂಟೆಯನ್ನು ಎತ್ತಿದೆ. ಕೆಳಗೆ ಕಂದು ಮೊಟ್ಟೆಗಳು. ಅದು ದಿನಾ ಕೊಕ್ಕಿನಿಂದ ತಿರುವಿ ಹಾಕಿ ಹಾಕಿ ಬಣ್ಣ ಅಲ್ಲಲ್ಲಿ ಸವೆದು ಒಳಗಿನ ಸುಣ್ಣದ ಬಿಳಿ ಕಾಣುತ್ತಿತ್ತು. ಮಸಿಯ ಗೀರುಗಳನ್ನು ಮಾತ್ರ ತಮ್ಮ ಅಚ್ಚುಕಟ್ಟಾಗಿಯೇ ಎಳೆದಿದ್ದ. ಅವ್ವನ ಕಲ್ಲೂ ಪಕ್ಕದಲ್ಲೇ ಇತ್ತು.

ತಮ್ಮನಿಗೆ ಫೋನು ಹಚ್ಚಿದೆ.

"ಬುಟ್ಟ್ಯಾಗಿನ ಮೊಟ್ಟಿ ಏನ್ ಮಾಡಿದ್ಯೋ?"

"ಬಿಳೀವಾ? ಅವು ಫಾರಮ್ಮಿನವು ಅಲ್ಲೇನಕ್ಕಾ? ನಾಟಿ ಇಡು ಅಂದಿದ್ದಿ, ಮಾರ್ಕೆಟ್ಟಿಗೆ ಹೋಗಿ ನಾಟಿ ತಂದು ಇಟ್ಟೆ. ರೊಕ್ಕ ಸೈತ ಕೇಳ್ಲಿಲ್ಲ ನಿನ್ನ."

"ಅವು ಎಲ್ಲಿ ಹೋದ್ವು?"

"ಶಿಫ್ಟಿನ ಹುಡುಗ್ರು ಬಂದಿದ್ರು. ಆಮ್ಲೆಟ್ ಮಾಡ್ಕೊಂಡು ತಿಂದ್ವಿ." ನನ್ನನ್ನು ಸಮಾಧಾನ ಮಾಡುವವನ ಹಾಗೆ ಸೇರಿಸಿದ: "ಭಾಳ ರುಚಿ ಇದ್ವು ಅಕ್ಕಾ."

ನನ್ನ ಬಾಯಿಂದ ಏನೇನು ಬಂತೋ ಇಲ್ಲಿ ಬರೆಯುವುದಿಲ್ಲ. ಮಗು ಎದ್ದು ಅತ್ತಿತು. ಹೊರಗಿನವನೊಬ್ಬ ಮಾಡಿದ್ದರೆ ಸುಮ್ಮನಾಗುತ್ತಿದ್ದೆನೇನೋ. ಇವನು ಅದೇ ಬಂಡ್ರಿಯ ಹಿತ್ತಲಲ್ಲಿ ಆಡಿದವನು, ಜ್ವರ ಬಂದಾಗಲೆಲ್ಲ ಅವ್ವ ಇವನಿಗೆ ಅದೇ ಬಿಳಿ ಮೊಟ್ಟೆ ಬೇಯಿಸಿ ತಿನ್ನಿಸಿದ್ದಾಳೆ. ನನಗೆ ಅರ್ಧ, ಇವನಿಗೆ ಪೂರ್ತಿ. ಮಾರ್ಕೆಟ್ಟಿನವರ ಮಾತು ಅವ್ವನ ಕೈತುತ್ತನ್ನೂ ಮರೆಸಿತಲ್ಲ ಎಂದು ಹೊಟ್ಟೆ ಉರಿಯಿತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ನಾನು ಬಂಡ್ರಿಗೂ ಹೋಗಿ ಬೋಳು ಕುತ್ತಿಗೆಯ ಹುಂಜ ಹುಡುಕಿದೆ. ಅಲ್ಲಿಯೂ ಮನೆಮನೆಗೆ ಗಿರಿರಾಜ. "ಕಂದು ಮೊಟ್ಟಿಗೇ ಗಿರಾಕಿ ಬರ್ತಾರವ್ವ" ಅಂದರು.

ಬಾಣಂತನ ಮುಗಿಯಿತು. ಹೇಂಟೆ ಮತ್ತೆ ಮೊಟ್ಟೆ ಇಡತೊಡಗಿತ್ತು, ಜೀವವಿಲ್ಲದ ಬರೀ ಮೊಟ್ಟೆ. ಮಗಳನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಜೋಡಿ ಇಲ್ಲದಿದ್ದರೆ ಇಲ್ಲ, ಪದ್ಧತಿಯಾದರೂ ಉಳಿಯಲಿ ಎಂದು ಆ ಹೇಂಟೆಯನ್ನೇ ಬುಟ್ಟಿಯಲ್ಲಿಟ್ಟು, ಮೇಲೆ ಅವ್ವನ ಹಳೆಯ ಸೀರೆಯ ತುಂಡು ಕಟ್ಟಿ ಕೊಟ್ಟೆ. ತಮ್ಮನೇ ಬಂದು ಬುಟ್ಟಿ ಹೊತ್ತು ಬಸ್ಸಿಗೆ ಹತ್ತಿಸಿದ.

ಮಾರನೆಯ ದಿನ ಮಗಳ ಫೋನು ಬಂತು. "ಕೋಳಿ ಮೊಟ್ಟಿ ಇಟ್ಟೈತಿ ಅವ್ವಾ" ಅಂದಳು. ದನಿಯಲ್ಲಿ ಹಿಗ್ಗು ಇರಲಿಲ್ಲ. ಏನಾಯಿತು ಎಂದು ಕೇಳಿದೆ.

"ಏನಿಲ್ಲ. ಅತ್ತಿ ಮೊಟ್ಟಿ ನೋಡಿದ್ರು. ನಿಮ್ಮವ್ವ ಬಾಣಂತಿಗೆ ಫಾರಂ ಕೋಳಿ ಕೊಟ್ಟು ಕಳಿಸ್ಯಾಳ ನೋಡು ಅಂದ್ರು."

"ನೀ ಏನಂದಿ?"

"ನಾ ಏನ್ ಅನ್ಲಿ? ಬೆಳ್ಳಗ ಐತೆಲ್ಲ ಅವ್ವಾ. ನಾಕ್ ಮಂದಿ ಮುಂದ ನನಗೂ ನಾಚಿಕಿ ಆತು."

ಬೆಳಗಿನ ಬಸ್ಸಿಗೆ ಕಂಪ್ಲಿಗೆ ಹೋದೆ. ಬೀಗಿತ್ತಿ "ಬರ್ರಿ, ಕುಂದ್ರಿ, ಚಾ ಕುಡೀರಿ" ಅಂದಳು. ಕೂರಲಿಲ್ಲ. ಮೊಮ್ಮಗಳ ಕೆನ್ನೆ ಮುಟ್ಟಿ, ಹಿತ್ತಲಿಗೆ ಹೋಗಿ, ಹೇಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದೆ. ತವರಿನವರು ಕೊಟ್ಟದ್ದನ್ನು ವಾಪಸ್ ತೆಗೆದುಕೊಂಡು ಹೋಗುವುದು ಎಲ್ಲಿಯಾದರೂ ಉಂಟೇ ಎಂದು ಅವರ ಓಣಿಯೆಲ್ಲ ಮಾತಾಡಿತಂತೆ. ಮಾತಾಡಲಿ.

ಈಗ ಅದು ನನ್ನ ಹಿತ್ತಲಲ್ಲಿದೆ. ಒಂಟಿ ಕೋಳಿ. ಕೆನೆ ಬಣ್ಣದ ಸಣ್ಣ ಮೊಟ್ಟೆ ಇಟ್ಟು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ. ಆ ಮೊಟ್ಟೆಯನ್ನು ನಾನು ಮಾರುವುದಿಲ್ಲ, ಯಾರಿಗೂ ಕೊಡುವುದಿಲ್ಲ. ಬೇಯಿಸಿ, ಉಪ್ಪು ಹಚ್ಚಿಕೊಂಡು ಒಬ್ಬಳೇ ತಿನ್ನುತ್ತೇನೆ. ತಮ್ಮ ಹೇಳಿದ್ದು ಸುಳ್ಳಲ್ಲ. ಬಹಳ ರುಚಿಯಾಗಿರುತ್ತವೆ.