ಅಳಿಯನ ರಬ್ಬರ್ ಸೂಟು

ಸೂಟು ಸೋರಿರಲಿಲ್ಲ, ಅಳಿಯ ಬೆವರಿದ್ದ, ನಡೆದದ್ದು ಇಷ್ಟೇ. ಇಷ್ಟನ್ನು ತಿಳಿಯಲು ಸಿಂಧನೂರಿನ ಒಂದು ಮನೆತನಕ್ಕೆ ಅರ್ಧ ಬೇಸಿಗೆ ಬೇಕಾಯಿತು ಎಂದರೆ ನೀವು ನಗಬಹುದು. ನಗಿರಿ. ಆದರೆ ನಿಮ್ಮ ಮನೆಯಲ್ಲೂ ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು, ಅಳಿಯನಿಗೆ ಹೇಳಬೇಕಾದ್ದನ್ನು ಮಗಳಿಗೋ, ಮಗಳಿಲ್ಲದಿದ್ದರೆ ಬೆಕ್ಕಿಗೋ ಹೇಳುವ ಪದ್ಧತಿ ಇದ್ದರೆ, ಸ್ವಲ್ಪ ತಡೆದು ನಗಿರಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲುವೆಯ ಗೇಟಿಗೆ ಕಸ ಕಡ್ಡಿ ಸಿಕ್ಕಿಕೊಂಡರೆ ಮುಳುಗಿ ಬಿಡಿಸುವುದು ನನ್ನ ಅಳಿಯನ ಉದ್ಯೋಗ. ಡ್ಯಾಮಿನ ಕೆಲಸಕ್ಕೆ ಹೊರಗಿನಿಂದ ಬಂದಿದ್ದ ಒಬ್ಬಾತ ಊರಿಗೆ ಮರಳುವಾಗ, ನೀರೊಳಗೆ ಉಸಿರಾಡುವ ಗಾಳಿಯ ಸಿಲಿಂಡರನ್ನೂ, ಮೈಗೆ ಹನಿ ನೀರು ತಾಗದಂತೆ ತೊಡುವ ರಬ್ಬರ್ ಸೂಟನ್ನೂ ಇವನಿಗೆ ಮಾರಿದ್ದ. ಸೂಟು ದೊಡ್ಡದಾಗಿ ಅಟ್ಟ ಸೇರಿತ್ತು. ಆ ವರ್ಷ, ಗದ್ದೆಗಳ ಔಷಧಿ ಬೆರೆತ ನೀರಿಗೆ ಅವನ ಮೈತುಂಬ ಹುಣ್ಣೆದ್ದವು. ಮೈ ಒಣಗಿರಬೇಕು, ಇಲ್ಲವೇ ಕೆಲಸ ಬಿಡಬೇಕು ಎಂದರು ಲಿಂಗಸುಗೂರಿನ ಡಾಕ್ಟರು. ಸೂಟು ಕೂಡಿಬರದಿದ್ದರೆ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತೇನೆಂದು ಅವನು ನನ್ನ ಮಗಳ ಮುಂದೆ ಹೇಳಿದ. ಸತ್ತವರ ಸುದ್ದಿ ಹೇಳುವ ದನಿಯಲ್ಲಿ.

ನಾನು ಶಾಲೆಗೆ ಹೋದದ್ದಕ್ಕಿಂತ ಹಳೆ ಸೀರೆಯ ತುಂಡು ಕೂಡಿಸಿ ಕೌದಿ ಹೊಲಿದದ್ದೇ ಹೆಚ್ಚು. ಆದರೆ ಈ ಮಹಾವಸ್ತ್ರಕ್ಕೆ ಸೂಜಿ ನಿಷಿದ್ಧ. ಚುಚ್ಚಿದಲ್ಲೆಲ್ಲ ನೀರು ಬರುತ್ತದೆ. ಸೂಟಿನ ಹಳೆಯ ಯಜಮಾನನ ಕುತ್ತಿಗೆ ಎತ್ತಿನದು, ನಮ್ಮವನದು ತಂಬಿಗೆಯ ಕಂಠ. ಅಳತೆಯ ದಾರವನ್ನು ಮಗಳು ಅವನಿಂದ ನನಗೆ ತಂದುಕೊಟ್ಟಳು. ಮೂವರೂ ಒಂದೇ ಪಡಸಾಲೆಯಲ್ಲಿ ಕೂತಿದ್ದೆವು. ಮಸ್ಕಿಯಲ್ಲಿ ಪಂಕ್ಚರ್ ಅಂಗಡಿಯಿಟ್ಟಿದ್ದ ಮೆಹಬೂಬಸಾಬ ಸ್ಕೂಟರಿನ ಟ್ಯೂಬು ಕತ್ತರಿಸಿ ಕೊರಳಪಟ್ಟಿ, ಮೊಪೆಡ್ಡಿನದರಲ್ಲಿ ಮುಂಗೈಪಟ್ಟಿ ಅಂಟಿಸಿಕೊಟ್ಟ. ಬೆನ್ನಿನ ಜಿಪ್ಪಿಗೆ ನಾನು ಮೇಣದಬತ್ತಿ ತಿಕ್ಕಿದೆ. ಬಳೆಗಾರ ಮದುಮಗಳ ಕೈ ಹಿಂಡಿ ಬಳೆ ಏರಿಸುವಂತೆ ಮಗಳು ಪೌಡರ್ ಹಚ್ಚಿ ಗಂಡನ ಕೈ ತೂರಿಸಿದಳು.

ಅವನು ಮುಳುಗಿದ, ಎದ್ದ, ದಂಡೆಗೆ ಬಂದ. ಇಲ್ಲಿಂದ ಕಥೆ ನಿಂತಿತು. ಸೂಟಿನೊಳಗೆ ಅವನು ಬರೀ ಚಡ್ಡಿಯಲ್ಲಿದ್ದ, ಅತ್ತೆಯೆದುರು ಬಿಚ್ಚುವುದುಂಟೇ? ನಾನೋ, ನನ್ನ ಕೈಕೆಲಸ ನೋಡದೆ ಏಳುವವಳಲ್ಲ. ಅವನು ಮರ್ಯಾದೆಗೆ ಕೂತ, ನಾನು ಹಟಕ್ಕೆ ಕೂತೆ, ನೆತ್ತಿಯ ಮೇಲೆ ಸೂರ್ಯ ತನ್ನ ಕಸುಬಿಗೆ ಕೂತ. ಕಡೆಗೆ ನಾನು ನೀರು ಕುಡಿಯಲೆಂದು ಬೇವಿನ ಮರದ ತನಕ ಹೋಗಿ ಬರುವಷ್ಟರಲ್ಲಿ ಸೂಟು ಬಿಚ್ಚಿಯಾಗಿತ್ತು, ಒಳಗೆ ಪಚಪಚ ನೀರಿತ್ತು.

"ಸೋರೈತಿ ಅಂತ ಹೇಳು ನಿಮ್ಮವ್ವಗ" ಎಂದ ಅವನು ಹೆಂಡತಿಗೆ.

ತೂತಿಗೆ ಹುಡುಕಿದೆವು. ಸಿಗದ ತೂತಿಗೂ ಪ್ಯಾಚು ಹಾಕಿಸಿದೆವು. ಮತ್ತೆ ಮುಳುಗಿದ, ಮತ್ತೆ ಕೂತೆವು, ಮತ್ತೆ ನೀರು. ಕೌದಿಯ ಸೂಜಿ ಬೇಡವೆಂದು ಹೊರಟವಳು ರಬ್ಬರಿನ ಕೌದಿಯನ್ನೇ ಮಾಡಿದ್ದೆ.

"ಅಮ್ಮಾ, ಇದರಾಗ ಸೂಟು ಕಮ್ಮಿ ಆಗಿ ಪ್ಯಾಚೇ ಜಾಸ್ತಿ ಆತು" ಎಂದ ಮೆಹಬೂಬಸಾಬ.

ಕೊನೆಯ ಸಲ ಅಳಿಯ ಯಾರಿಗೂ ಏನೂ ಹೇಳಿಕಳಿಸಲಿಲ್ಲ. ಲುಂಗಿ ಸುತ್ತಿಕೊಂಡು ನೀರನ್ನೇ ನೋಡುತ್ತ ಕೂತ. ಗಿರಣಿಯ ಕಡೆ ಹೊರಟ ಮನುಷ್ಯನ ಬೆನ್ನು ಅದು. ನನಗೆ ಕನಿಕರಕ್ಕಿಂತ ಸಿಟ್ಟು ಬಂತು. ಸೂಟಿನ ಕಾಲೆತ್ತಿ ಒಳಗಿನ ನೀರನ್ನು ಅಂಗೈಗೆ ಬಗ್ಗಿಸಿಕೊಂಡು ನಾಲಿಗೆಗೆ ಹಚ್ಚಿದೆ.

"ಯವ್ವಾ, ಏನ್ ಮಾಡಾಕತ್ತಿ?" ಎಂದಳು ಮಗಳು, ಮುಖ ಕಿವುಚಿ.

"ಕಾಲುವಿ ನೀರು ಸಪ್ಪಗ ಇರತೈತಿ. ಇದು ಉಪ್ಪೈತಿ" ಎಂದೆ. "ಇದು ಕಾಲುವಿ ಅಲ್ಲ, ನಿನ್ನ ಗಂಡ."

ಪರದೇಶದ ತಣ್ಣನೆಯ ಸಮುದ್ರಕ್ಕೆಂದು ಹುಟ್ಟಿದ ಅಂಗಿಯಲ್ಲಿ ಮನುಷ್ಯನನ್ನು ಬಿಗಿದು ಸಿಂಧನೂರಿನ ಬಿಸಿಲಿಗಿಟ್ಟರೆ ಅವನು ಬೇಯುತ್ತಾನೆ. ನೀರಿನಿಂದ ಒಣಗಿ ಬಂದವನನ್ನು ದಂಡೆಯ ಮೇಲೆ ನಮ್ಮ ಸಭ್ಯತೆ ತೋಯಿಸುತ್ತಿತ್ತು. ಗಿರಣಿ ಒಂದು ದಿನ ಕಾಯಲಿ ಎಂದು ಮಗಳ ಕೈಲಿ ಹೇಳಿಸಿದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ, ಕಾಲುವೆಗೆ ಬೆನ್ನು ಹಾಕಿ, ಗದ್ದೆಗೆ ಮುಖಮಾಡಿ ಕೂತೆ. ಅವನು ಮುಳುಗಿ ಮೇಲೆ ಬಂದ ಸಪ್ಪಳವಾಯಿತು. ಮಗಳ ಮದುವೆಯಾದ ಇಷ್ಟು ವರ್ಷಗಳಲ್ಲಿ ಮೊದಲ ಸಲ, ನಡುವೆ ಅವಳನ್ನು ತರದೆ ಅವನಿಗೇ ಹೇಳಿದೆ: "ನಾ ಗದ್ದಿ ನೋಡಾಕತ್ತೀನ್ರೀ. ಬಿಚ್ಚರಿ."

ಮಗಳು ಅವನ ಬೆನ್ನಿನ ಜಿಪ್ಪು ಎಳೆದ ಸದ್ದು, ಅದರ ಹಿಂದೆಯೇ ಸೂಟು ನನ್ನ ಹೆಗಲ ಮೇಲೆ ಬಂದು ಬಿತ್ತು. ತಿರುಗದೆ ಅದರ ಕಾಲಿನೊಳಗೆ ತೋಳು ಇಳಿಬಿಟ್ಟು ತಡವಿದೆ. ಒಣಗಿತ್ತು.

"ಗಿರಣಿಗೆ ಹೋಗೂದು ಬ್ಯಾಡಂತ ಹೇಳು ಅವರಿಗೆ" ಎಂದೆ, ಮಗಳಿಗೆ.