ಪಿನ್ನು ಚುಚ್ಚಿದ ನೀಲಿ ಅಂಗಿ

"ನಿನಗೆ ಡಿಗ್ರಿಯಾ? ಅದು ಆಗುವ ಮಾತಲ್ಲ" ಎಂದವರು ನನ್ನ ಸೋದರಮಾವ. ಎರಡು ದೇಶಗಳಲ್ಲಿ ಎಂದರು. ಮೊದಲ ಸಲ ಮಂಗಳೂರಿನ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ, ನಾನು ಎಂಟನೆಯ ತರಗತಿ ಪಾಸಾದ ಬೇಸಿಗೆಯಲ್ಲಿ. ನಮ್ಮಲ್ಲಿ ಸೋದರಮಾವ ಹೇಳಿದ ಮೇಲೆ ಅಪ್ಪನೂ ಬಾಯಿ ತೆರೆಯುವುದಿಲ್ಲ. ಮರುದಿನವೇ ಅಮ್ಮ ನನ್ನ ಮಡಿಲಿಗೆ ಬೀಡಿ ಎಲೆಯ ಮೊರ ಇಟ್ಟಳು. ಎರಡನೆಯ ಸಲ ಎಂದದ್ದು ಕತಾರಿನಲ್ಲಿ, ಅಲ್ ಮನ್ಸೂರಾದ ಅವರ ಟೈಲರ್ ಅಂಗಡಿಯಲ್ಲಿ. ಅಷ್ಟರಲ್ಲಿ ನಾನು ಬೀಡಿ ಸುತ್ತುತ್ತಲೇ ಖಾಸಗಿಯಾಗಿ ಎಸ್ಸೆಸ್ಸೆಲ್ಸಿಗೆ ಕೂತು, ಪಿಯುಸಿಯನ್ನೂ ಮುಗಿಸಿ, ಏಸಿ ರಿಪೇರಿ ಮಾಡುವ ಹುಡುಗನನ್ನು ಮದುವೆಯಾಗಿ ದೋಹಾಕ್ಕೆ ಬಂದಿದ್ದೆ. ಒಂದು ವಿದೇಶಿ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸವೂ ಸಿಕ್ಕಿತ್ತು. ಕೆಲಸದವರು ಸಂಜೆ ಕ್ಲಾಸಿಗೆ ಕೂರಬಹುದು ಎಂದು ಅಲ್ಲೊಂದು ನಿಯಮವಿತ್ತು. ನಾನು ಕೂತೆ.

ಕೂತೆ ಎನ್ನುವುದು ಮಾತಿಗೆ. ಆ ವರ್ಷಗಳಲ್ಲಿ ನಾನು ಎಲ್ಲಿಯೂ ನೆಟ್ಟಗೆ ಕೂತವಳಲ್ಲ. ಯಾವುದೋ ದೊಡ್ಡ ಕ್ರೀಡಾಕೂಟಕ್ಕೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆಯುತ್ತಿದ್ದ ಕಾಲ ಅದು. ಬಸ್ಸು ನಿನ್ನೆ ಹೋದ ದಾರಿಯಲ್ಲಿ ಇವತ್ತು ಹೋಗುತ್ತಿರಲಿಲ್ಲ. ಅಲ್ ಥುಮಾಮಾದಲ್ಲಿ ಒಂದು ವಿಲ್ಲಾವನ್ನು ಪ್ಲೈವುಡ್ಡಿನಿಂದ ತುಂಡು ಮಾಡಿದ್ದರಲ್ಲಿ ನಮ್ಮದೊಂದು ಕೋಣೆ. ಪುಸ್ತಕ ಹಿಡಿದು ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಾ ಓದುತ್ತಿದ್ದೆ. "ಮಾರಾಯ್ತಿ, ನಿನ್ನ ಕಾಲಿಗೆ ಚಕ್ರ ಕಟ್ಟಿದ್ದಾರಾ? ನೋಡುವಾಗ ನನಗೇ ತಲೆ ತಿರುಗ್ತದೆ" ಎಂದು ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದರು.

ಒಂದು ದಿನ ಲೈಬ್ರರಿಯಲ್ಲಿ ಜೋಡಿಸಬೇಕಾಗಿದ್ದ ಪುಸ್ತಕವೊಂದನ್ನು ಸುಮ್ಮನೆ ತೆರೆದೆ. ಕಪ್ಪು ಹ್ಯಾಟಿನ ಗಂಡಸರು, ಕುದುರೆಗಾಡಿ, ಬಿಳಿ ಟೊಪ್ಪಿಯ ಹೆಂಗಸರು. ಅಮೆರಿಕದಲ್ಲಿದ್ದೂ ಕಾರು, ಕರೆಂಟು ಬೇಡವೆಂದ ಆಮಿಶ್ ಜನ. ಕೆಳಗೊಂದು ಸಾಲು: ಇವರ ಮಕ್ಕಳ ಶಾಲೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಅಷ್ಟೇ ಸಾಕೆಂದು ಅವರು ಕೋರ್ಟಿಗೆ ಹೋಗಿ ಗೆದ್ದಿದ್ದರಂತೆ. ನನಗೆ ಉರಿದುಹೋಯಿತು. ನಮ್ಮ ಮನೆಯವರಿಗೆ ಗತಿ ಇರಲಿಲ್ಲ, ನಿಲ್ಲಿಸಿದರು. ಇವರು ಬೇಕೆಂದೇ ನಿಲ್ಲಿಸುತ್ತಾರಾ? ಡಿಗ್ರಿಯ ಕೊನೆಗೆ ಒಂದು ದೀರ್ಘ ಪ್ರಬಂಧ ಬರೆದು ಮೂವರು ಅಧ್ಯಾಪಕರ ಎದುರು ಮಂಡಿಸಬೇಕಿತ್ತು. ನನ್ನ ವಿಷಯ ಅಲ್ಲೇ ನಿಶ್ಚಯವಾಯಿತು.

ಇತಿಹಾಸ ಕಲಿಸುತ್ತಿದ್ದ ಮೇಡಂ ಪೆನ್ಸಿಲ್ವೇನಿಯಾದವರು. ಸಾದಾ ಬಟ್ಟೆ, ಗಂಟು ಕಟ್ಟಿದ ನರೆಗೂದಲು. ವಿಷಯ ಹೇಳಿದಾಗ ಅವರು ಕುರ್ಚಿ ಹತ್ತಿರ ಎಳೆದುಕೊಂಡರು.

"ನಾನು ಮೆನೊನೈಟ್. ಆಮಿಶರಿಗೆ ದಾಯಾದಿಗಳು ಅಂದುಕೋ. ನನ್ನ ಅಜ್ಜಿ ಆಮಿಶರೇ."

ಮುಂದಿನ ತಿಂಗಳುಗಳಲ್ಲಿ ಅವರಿಂದ ಕೇಳಿದ್ದು ಒಂದೆರಡಲ್ಲ. ಹದಿನಾರನೆಯ ಶತಮಾನದ ಯುರೋಪಿನಲ್ಲಿ ಕೆಲವು ಕ್ರೈಸ್ತರು, ಹಸುಗೂಸಿಗೆ ನೀರು ಚಿಮುಕಿಸಿದರೆ ದೀಕ್ಷೆಯಾಗದು, ಬೆಳೆದ ಮನುಷ್ಯ ತಾನೇ ಒಪ್ಪಿ ಬರಬೇಕು ಎಂದರಂತೆ. ಅಷ್ಟಕ್ಕೇ ಅವರನ್ನು ಸುಟ್ಟರು, ನದಿಗಳಲ್ಲಿ ಮುಳುಗಿಸಿದರು. ಉಳಿದವರು ಬೆಟ್ಟಗಳಲ್ಲಿ ಅಡಗಿ, ಕೊನೆಗೆ ಹಡಗು ಹತ್ತಿದರು. ಅವರಲ್ಲೇ ಹೆಚ್ಚು ಕಟ್ಟುನಿಟ್ಟು ಬೇಕೆಂದು ಬೇರೆಯಾದವರು ಆಮಿಶರು. ಕತ್ತಿ ಹಿಡಿಯುವುದಿಲ್ಲ, ಆಣೆ ಇಡುವುದಿಲ್ಲ. ಚರ್ಚಿನ ಕಟ್ಟಡವಿಲ್ಲ; ಭಾನುವಾರದ ಪ್ರಾರ್ಥನೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ, ಬೆಂಚುಗಳೂ ಗಾಡಿಯಲ್ಲಿ ಮನೆಯಿಂದ ಮನೆಗೆ. ಒಬ್ಬನ ಕೊಟ್ಟಿಗೆ ಸುಟ್ಟುಹೋದರೆ ಊರೇ ಬಂದು ಎಬ್ಬಿಸಿಕೊಡುತ್ತದೆ.

ಮಂಡನೆಗೆ ಹತ್ತು ದಿನ ಇರುವಾಗ ಮೇಡಂ ಒಂದು ಪೊಟ್ಟಣ ತಂದರು. ಒಳಗೆ ಅಜ್ಜಿಯ ಅಂಗಿ. ಕಡುನೀಲಿ, ಉದ್ದ ತೋಳು, ಒಂದು ಹೂವೂ ಇಲ್ಲ. ಎದುರು ಭಾಗವನ್ನು ಸಾಲಾಗಿ ಗುಂಡುಪಿನ್ನು ಚುಚ್ಚಿ ಮುಚ್ಚಿತ್ತು. ಮೇಡಂ ಯಾವ ದೇಶಕ್ಕೆ ಹೋದರೂ ಅದು ಅವರ ಪೆಟ್ಟಿಗೆಯಲ್ಲಿ ಇರುತ್ತಿತ್ತಂತೆ. "ಇದನ್ನು ತೋರಿಸು. ನೂರು ಮಾತಿಗಿಂತ ವಾಸಿ. ಕಂಕುಳ ಹೊಲಿಗೆ ಬಿಚ್ಚಿದೆ. ನಿನ್ನ ಮಾವ ಟೈಲರ್ ಅಲ್ಲವಾ, ಹಾಕಿಸಿಕೊಂಡು ಬಾ" ಎಂದರು.

ಕೊಡುವಾಗ ನಾನು ಮಾವನಿಗೆ ಕಂಕುಳ ಮಾತ್ರ ತೋರಿಸಿದ್ದೆ. ಅಂಗಡಿಯಲ್ಲಿ ಸಮವಸ್ತ್ರಗಳ ರಾಶಿ. ಮಾವ ತಲೆ ಎತ್ತದೆ "ಇಟ್ಟು ಹೋಗು" ಎಂದರು. ಮರುದಿನ ಹೋದರೆ ಅಂಗಿ ಇಸ್ತ್ರಿಯಾಗಿ ಹ್ಯಾಂಗರಿನಲ್ಲಿ ತೂಗುತ್ತಿತ್ತು. ಎದುರಿಗೆ ಮೇಲಿನಿಂದ ಕೆಳಗೆ ಮಿನುಗುವ ಕಪ್ಪು ಗುಂಡಿಗಳು. ಆಚೆ ಬದಿಗೆ ಗುಂಡಿ ತೂರಿಸಲು ಕಾಜಾ ಕತ್ತರಿಸಿ, ಸುತ್ತ ಅಚ್ಚುಕಟ್ಟಾಗಿ ದಾರ ಸುತ್ತಿತ್ತು.

"ಮಾವ! ಇದೆಂತ ಮಾಡಿದ್ದು?"

"ಎಂತ ಅಂದ್ರೆ? ಯಾರೋ ಅರ್ಧಕ್ಕೆ ಬಿಟ್ಟ ಮಾಲು. ಟ್ರಯಲ್ ಪಿನ್ನು ಹಾಗೇ ಉಂಟು. ನಿನ್ನ ಮೇಡಂ ಪಾಪ ಪಿನ್ನು ಚುಚ್ಚಿಸಿಕೊಂಡು ತಿರುಗುವುದಾ ಅಂತ ಫಿನಿಶ್ ಮಾಡಿದೆ. ಅರಬರ ಉದ್ದ ಥೋಬಿಗೆ ಹಾಕುವ ಒಳ್ಳೆ ಬಟನ್. ಫ್ರೀ."

ಪಿನ್ನು ಕಂಡರೆ ಬಟ್ಟೆ ಮುಗಿದಿಲ್ಲ ಎಂದೇ ಯಾವ ಟೈಲರಿಗೂ ಅರ್ಥ. ಆ ಜನಕ್ಕೆ ಅದೇ ಮುಗಿದ ಬಟ್ಟೆ ಎಂದು ನಾನು ವಿವರಿಸಿದೆ. ಮಿನುಗುವ ಗುಂಡಿ ಅವರಿಗೆ ಜಂಬ. ಹಿಂದೆ ತಮ್ಮನ್ನು ಅಟ್ಟಾಡಿಸಿದ ಸಿಪಾಯಿಗಳ ಕೋಟಿನ ನೆನಪು. ಆ ಸಿಪಾಯಿಗಳು ಮೀಸೆ ಬಿಡುತ್ತಿದ್ದರೆಂದು ಇವರ ಗಂಡಸರು ಗಡ್ಡ ಬಿಟ್ಟರೂ ಮೀಸೆ ಬೋಳಿಸುತ್ತಾರೆ.

ಮಾವನ ಕೈ ತಾನಾಗಿ ಅವರ ದಪ್ಪ ಮೀಸೆಗೆ ಹೋಯಿತು. "ಮೀಸೆ ಮಾಫಿ, ಬಟನ್ ಮಾಫಿ! ಮೀಸೆಯೂ ಇಲ್ಲ, ಬಟನ್ನೂ ಇಲ್ಲ, ಎಂಥ ಜನ ಮಾರಾಯ್ತಿ?" ಎಂದು ನಕ್ಕರು. ನಾನು ನಗಲಿಲ್ಲ. ಗುಂಡಿ ಕಿತ್ತರೆ ಹೋಗುತ್ತದೆ. ಕತ್ತರಿಸಿದ ಕಾಜಾ?

ಅಂಗಿಯನ್ನು ಹಾಗೆಯೇ ಒಯ್ದು ಮೇಡಂ ಮೇಜಿನ ಮೇಲಿಟ್ಟು ನಡೆದದ್ದು ಹೇಳಿದೆ. ಅವರು ಬೈಯಲಿಲ್ಲ. ಒಂದು ಕಾಜಾದೊಳಗೆ ಬೆರಳು ತೂರಿಸಿ ನೋಡಿದರು. "ಈಗ ನನ್ನಿಂದ ಮಾತಾಡಲಾಗುವುದಿಲ್ಲ. ನಾನೇ ಕರೆಯುವವರೆಗೆ ಬರಬೇಡ" ಎಂದರು.

ನನ್ನ ಪ್ರಬಂಧಕ್ಕೆ ಮಾರ್ಗದರ್ಶಕರಾದ ಅವರು ಒಪ್ಪಿಗೆ ಕೊಡದೆ ನಾನು ಮಂಡಿಸುವಂತಿಲ್ಲ. ಆ ಬೇಸಿಗೆಗೆ ಅವರು ಊರಿಗೆ ವಾಪಸ್ಸು; ಇನ್ನೊಬ್ಬರ ಕೈಕೆಳಗೆ ಮೊದಲಿನಿಂದ ಶುರು ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಅನ್ನ ಒಲೆಯ ಮೇಲಿಟ್ಟು ಮರೆಯುತ್ತಿದ್ದೆ. ಬಸ್ಸಿನಲ್ಲಿ ಸೀಟು ಇದ್ದರೂ ನಿಂತೇ ಹೋಗುತ್ತಿದ್ದೆ. ಲೈಬ್ರರಿಯಲ್ಲಿ ಮೇಡಂ ಹೆಜ್ಜೆಯ ಸದ್ದು ಕೇಳಿದರೆ ಕಪಾಟಿನ ಸಾಲು ಬದಲಿಸುತ್ತಿದ್ದೆ. ಕೊನೆಗೆ ತಡೆಯಲಾಗದೆ ಮಾವನ ಅಂಗಡಿಗೆ ಹೋಗಿ, ಗಿರಾಕಿಗಳ ಎದುರೇ ಹೇಳಿದೆ: "ಆಗುವ ಮಾತಲ್ಲ ಅಂದಿದ್ದಿರಲ್ಲ ಮಾವ. ಈಗ ಆಗುವುದಿಲ್ಲ. ಖುಷಿಯಾ?"

ಮಾವ ಮೆಷಿನ್ ನಿಲ್ಲಿಸಿದರು.

ಮರುದಿನ ನಾನು ಕೆಲಸ ಮುಗಿಸಿ ಹೊರಗೆ ಬಂದರೆ ಕಾಲೇಜಿನ ಗೇಟಿನಲ್ಲಿ ಮಾವ. ಮದುವೆಗೆ ಹಾಕುವ ಅಂಗಿ, ಬಿಸಿಲಿಗೆ ಬೆವರಿ ಬೆನ್ನಿಗೆ ಅಂಟಿತ್ತು. "ಎಲ್ಲಿ ನಿನ್ನ ಮೇಡಂ?" ಅಷ್ಟರಲ್ಲಿ ಮೇಡಂ ಕಾರಿನ ಕಡೆ ಬರುವುದಕ್ಕೂ ಸರಿಹೋಯಿತು. ಮಾವ ಅಡ್ಡ ನಿಂತರು. ಹಿಂದಿ, ಇಂಗ್ಲಿಷು ಎಲ್ಲ ಕಲಸಿಹೋದವು.

"ಮೇಡಂ, ಮಿಸ್ಟೇಕ್. ಮೈ ಮಿಸ್ಟೇಕ್. ಶಿ ನೋ ಮಿಸ್ಟೇಕ್. ನಾನು ರಫೂ ಮಾಡುತ್ತೇನೆ, ಬಾಂಬೆಯಲ್ಲಿ ಕಲಿತದ್ದು. ಒಂದು ಚಾನ್ಸ್."

ನಾನು ಬಿಡಿಸಿ ಹೇಳಿದೆ. ಮೇಡಂ ಕೈಯ ಚೀಲವನ್ನು ಕಾರಿನ ಮೇಲಿಟ್ಟರು. ಆಮೇಲೆ ಹೇಳಿದರು: "ಅಜ್ಜಿಯ ಸಭೆಯಲ್ಲಿ ತಪ್ಪಾದವರು ಎಲ್ಲರೆದುರು ಒಪ್ಪಿಕೊಳ್ಳಬೇಕು. ಕ್ಷಮಿಸಿದೆವು ಎಂದಮೇಲೆ ಅದರ ಸುದ್ದಿಯನ್ನು ಯಾರೂ ಮತ್ತೆ ಎತ್ತುವ ಹಾಗಿಲ್ಲ. ಹೇಳುವುದು ಸುಲಭ. ನನಗೆ ನಾಲ್ಕು ದಿನ ಬೇಕಾಯಿತು."

ನಾನು ತುಳುವಿನಲ್ಲಿ ಹೇಳಿದೆ. ಮಾವ ಕೇಳಿದರು: "ಹಾಗಾದ್ರೆ... ಖಲಾಸ್?"

ಮುಗಿಯಿತಾ ಎಂದು ಅರ್ಥ. ದೋಹಾದಲ್ಲಿ ದಿನವೂ ಕಿವಿಗೆ ಬೀಳುವ ಆ ಒಂದು ಪದಕ್ಕೆ ಮೇಡಂಗೆ ನನ್ನ ಅನುವಾದ ಬೇಕಿರಲಿಲ್ಲ. "ಖಲಾಸ್" ಎಂದರು.

ಎರಡು ಸಂಜೆ ಮಾವ ರಫೂ ಮಾಡಿದರು. ಅಂಗಿಯ ಒಳಮಡಿಕೆಯಿಂದ ಎಳೆ ಬಿಡಿಸಿ, ಕಾಜಾದ ಅಂಚಿನ ದಾರ ತೆಗೆದು, ಎಳೆಗೆ ಎಳೆ ಹೆಣೆದರು. ಮೇಡಂ ಸ್ಟೂಲಿನಲ್ಲಿ ಕೂತು ಚಾಯ್ ಕುಡಿಯುತ್ತಾ ಅಜ್ಜಿಯ ಸುದ್ದಿ ಹೇಳುತ್ತಿದ್ದರು, ನಾನು ಮಾವನಿಗೆ ದಾಟಿಸುತ್ತಿದ್ದೆ.

"ಎಂಟನೇ ಕ್ಲಾಸಿಗೇ ಯಾಕೆ ನಿಲ್ಲಿಸುವುದಂತೆ, ಕೇಳು."

ಹೆಚ್ಚು ಓದಿದರೆ ಮಗು ತನ್ನನ್ನು ದೊಡ್ಡದೆಂದುಕೊಂಡು ಊರು ಬಿಟ್ಟುಹೋಗುತ್ತದೆ ಎಂಬ ಭಯ, ಎಂದರು ಮೇಡಂ.

"ನೋಡಿದೆಯಾ? ಬುದ್ಧಿವಂತರು. ನಾನು ಅಂದದ್ದೂ ಅದೇ."

"ಅವರು ಎಂಟಕ್ಕೆ ನಿಲ್ಲಿಸಿ ಹೊಲ ಕೊಡ್ತಾರೆ, ಕಸುಬು ಕೊಡ್ತಾರೆ. ನೀವು ನನಗೆ ಕೊಟ್ಟದ್ದು ಎಂತ ಮಾವ? ಬೀಡಿ ಎಲೆ."

ಸೂಜಿ ನಿಂತಿತು. ಏನು ಹೇಳಿದೆ ಎಂದು ಮೇಡಂ ಕೇಳಿದರು. ಅದೊಂದನ್ನು ನಾನು ದಾಟಿಸಲಿಲ್ಲ.

ಮಂಡನೆಯ ದಿನ ಮೇಡಂ ತಾವೇ ಅಂಗಿಗೆ ಪಿನ್ನು ಚುಚ್ಚಿಕೊಟ್ಟರು. ಹತ್ತಿರದಿಂದ ನೋಡಿದರೆ ರಫೂವಿನ ಗುರುತು ಕಾಣುತ್ತಿತ್ತು. ಆಗಿಹೋದ ತಪ್ಪಿನ ಸುದ್ದಿ ನಾನು ಎತ್ತಲಿಲ್ಲ. ಇಷ್ಟು ವರ್ಷ ಕಳೆದು ಈಗ ಬರೆಯುವ ಮುಂಚೆ ಮಾವನ ಅಪ್ಪಣೆ ಪಡೆದಿದ್ದೇನೆ. ಮಂಡನೆ ಮುಗಿದಾಗ ಒಬ್ಬ ಅಧ್ಯಾಪಕರು ಕೇಳಿದರು: "ನೀವು ಇವರ ಪರವೋ ವಿರೋಧವೋ?"

"ಅಲ್ಲಿ ಹುಟ್ಟಿದ್ದರೆ ನಾನು ಇಲ್ಲಿ ನಿಂತಿರುತ್ತಿರಲಿಲ್ಲ ಸರ್. ಆ ಸಿಟ್ಟು ಹೋಗಿಲ್ಲ. ಆದರೆ ದೀಕ್ಷೆಗೆ ಮುಂಚೆ, ಬೆಳೆದ ಮೇಲೆ, ಒಳಗೆ ಬರುತ್ತೀಯಾ ಎಂದು ಅವರು ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಮೇಡಂ ಅವರ ತಾಯಿ, ನಾನು ಬರುವುದಿಲ್ಲ ಎಂದು ಹೊರಗೆ ಬಂದರು; ಆದರೂ ಅಜ್ಜಿ ತನ್ನ ಅಂಗಿಯನ್ನು ಆ ಮಗಳಿಗೇ ಕೊಟ್ಟರು. ನನ್ನನ್ನು ಯಾರೂ, ಯಾವತ್ತೂ, ಏನನ್ನೂ ಕೇಳಿರಲಿಲ್ಲ."

ನನ್ನ ಗಂಡನ ಜೊತೆ ಕೊನೆಯ ಸಾಲಿನಲ್ಲಿ ಕೂತಿದ್ದ ಮಾವನಿಗೆ ಇಂಗ್ಲಿಷು ಅರ್ಥವಾಗದು ಎಂದುಕೊಂಡಿದ್ದೆ. ಅವರಿಬ್ಬರೇ ಮನೆಗೆ ಮರಳುವಾಗ ಟ್ಯಾಕ್ಸಿಯಲ್ಲಿ, ಕೊನೆಗೆ ಅವಳು ಏನು ಹೇಳಿದಳೆಂದು ಮಾವ ವಿಚಾರಿಸಿ, ಗಂಡನಿಂದ ಪೂರ್ತಿ ಹೇಳಿಸಿಕೊಂಡದ್ದು ನನಗೆ ತಿಳಿದದ್ದು ಆಮೇಲೆ.

ಪದವಿ ಪ್ರದಾನದ ದಿನ ಕಪ್ಪು ಗೌನಿನ ಗುಂಡಿಗಳನ್ನು ನೋಡಿ ಮೇಡಂ ಹುಬ್ಬು ಕುಣಿಸಿದರು. ನನ್ನ ಹೆಸರು ಕೂಗಿದಾಗ ಓಡಿದೆ ಎಂದೇ ಎಲ್ಲರೂ ಹೇಳುತ್ತಾರೆ. ಸರ್ಟಿಫಿಕೇಟು ಕೈಗೆ ಬಂತು. ಕೆಳಗಿಳಿದವಳೇ ನಮ್ಮ ಮನೆತನದ ಆ ಮೊದಲ ಡಿಗ್ರಿಯನ್ನು ಮಾವನ ಕೈಯಲ್ಲಿಟ್ಟೆ. ಬಟ್ಟೆ ನೋಡುವ ಹಾಗೆ ಅಂಚು ಸವರಿ, ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇನ್ನು ಮುಂದೆ ಎಂತ ಮಾಡ್ತಿ ನೀನು? ನಾನು ಹೇಳುವುದಲ್ಲ ಮಗಾ, ಕೇಳುವುದು."