ರವಿಕೆ ಕಣದ ಹೊದಿಕೆಯ ಕಾದಂಬರಿ

ಯಾರೂ ನನ್ನ ಹೆಸರು ಕೇಳಲಿಲ್ಲ. ಡೊಂಬಿವಲಿ ಸ್ಟೇಷನ್ನಿನಲ್ಲಿ ಹೆಂಗಸರ ಡಬ್ಬಕ್ಕೆ ನೂಕಿಸಿಕೊಂಡು ಹತ್ತಿ, ಹೇಗೋ ಸಿಕ್ಕಿದ ಸೀಟಿನಲ್ಲಿ ಕೂತು ದುಪಟ್ಟಾ ಸರಿಮಾಡಿಕೊಳ್ಳುವಷ್ಟರಲ್ಲಿ ನಾಲ್ಕು ಜನ ಒಂದೇ ಪ್ರಶ್ನೆ ಕೇಳಿದ್ದರು: "ಕುಠೇ ಉತರಣಾರ್?" ಎಲ್ಲಿ ಇಳಿಯುತ್ತೀ? ನಮ್ಮ ಮೈಸೂರಿನಲ್ಲಿ ಹೊಸಬರು ಕಂಡರೆ ಯಾವ ಕಡೆಯವರು, ಯಾರ ಮಗಳು, ಮದುವೆ ಆಗಿದೆಯೇ ಎಂದು ಶುರುಮಾಡಿ ಕಾಫಿಯವರೆಗೆ ಹೋಗುತ್ತಾರೆ. ಇಲ್ಲಿ ಬಂದ ಮೊದಲ ಬೆಳಿಗ್ಗೆಯೇ ಯಾವಾಗ ಎದ್ದು ಹೋಗುತ್ತೀ ಎಂದು ವಿಚಾರಿಸಿದರು. ಠಾಣೆ ಎಂದೆ. ತಕ್ಷಣ ಎದುರಿಗೆ ನಿಂತಿದ್ದವಳ ಮುಖ ಅರಳಿತು. ಮುಂಬಯಿಯವರೆಗೆ ಹೋಗುವವರಿಗೆ ಠಾಣೆಯಲ್ಲಿ ಇಳಿಯುವವಳು ಕಂಡರೆ ಬಲು ಪ್ರೀತಿ, ನಾನು ಎದ್ದ ಜಾಗ ಅವರದಾಗುತ್ತದಲ್ಲ!

ಇದು ೨೦೦೬ರ ಮಾತು. ಅಮ್ಮ ತೀರಿಕೊಂಡು ವರ್ಷವಾಗಿತ್ತು. ನನಗೆ ಮೂವತ್ತೆರಡು, ಮದುವೆಯ ಮಾತನ್ನು ಮನೆಯವರೂ ಬಿಟ್ಟಿದ್ದರು. ವಿಮಾ ಕಚೇರಿಯವರು ಠಾಣೆಯ ನೌಪಾಡಾ ಶಾಖೆಗೆ ವರ್ಗ ಮಾಡಿದಾಗ ಒಂದು ಮಾತೂ ಆಡದೆ ಹೊರಟುಬಂದೆ. ಡೊಂಬಿವಲಿ ಪೂರ್ವದಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಕರಾರು ಹನ್ನೊಂದು ತಿಂಗಳಿಗೆ ಮಾತ್ರ. ಹನ್ನೊಂದು ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟಬೇಕಾದ ಊರಿನಲ್ಲಿ ಪುಸ್ತಕವೆಂದರೆ ಮೊದಲು ಭಾರ, ಸಾಹಿತ್ಯವೆಲ್ಲ ಆಮೇಲೆ. ಮೈಸೂರಿನ ಮನೆಯಲ್ಲಿ ಗಾಜಿನ ಬಾಗಿಲಿನ ಬೀರು ತುಂಬ ಇದ್ದ ಪುಸ್ತಕಗಳನ್ನು ಅಣ್ಣನಿಗೆ ಒಪ್ಪಿಸಿ, ನಾನು ತಂದದ್ದು ಒಂದನ್ನು ಮಾತ್ರ.

ಅದರ ಹೆಸರು ನನಗೆ ಗೊತ್ತಿಲ್ಲ. ಅಮ್ಮ ಅದನ್ನು ರದ್ದಿ ಅಂಗಡಿಯಿಂದ ತಂದಾಗಲೇ ಮೊದಲ ಕೆಲವು ಹಾಳೆಗಳು ಇರಲಿಲ್ಲ. ಬರೆದವರು ಯಾರೋ ಅದೂ ತಿಳಿಯದು. ಅಮ್ಮನ ಬಾಯಲ್ಲಿ ಅದು 'ಗಂಗು ಪುಸ್ತಕ'. ಗಂಗು ಎಂಬ ಹೆಂಗಸು ಹೂವಿನ ಬುಟ್ಟಿ ಹೊತ್ತು ಗುರುತು ಪರಿಚಯವಿಲ್ಲದ ಊರಿಗೆ ಬರುತ್ತಾಳೆ, ಯಾರದೋ ಜಗಲಿಯ ಮೇಲೆ ಕೂರುತ್ತಾಳೆ, ಎಲ್ಲರೂ ಅವಳನ್ನು ಅತ್ತ ಸರಿ, ಇತ್ತ ಸರಿ ಎನ್ನುತ್ತಿರುತ್ತಾರೆ. ಅಮ್ಮ ಅದನ್ನು ಓದುತ್ತಿದ್ದುದು ಹುಳಿ ಕುದಿಯುವ ಹೊತ್ತಿನಲ್ಲಿ, ಒಲೆಯ ಪಕ್ಕ ನಿಂತುಕೊಂಡೇ. ಹಾಗಾಗಿ ಪುಟ ಪುಟಕ್ಕೂ ಅರಿಸಿನದ ಬೆರಳ ಗುರುತು. ರಟ್ಟು ಕಿತ್ತುಹೋದ ಮೇಲೆ ಕೆಂಪು ರವಿಕೆ ಕಣದಲ್ಲಿ ಹೊದಿಕೆ ಹೊಲಿದಿದ್ದಳು. ಅಂಚಿನ ಜರಿಯನ್ನೂ ಬಿಟ್ಟಿರಲಿಲ್ಲ.

ಮೊದಮೊದಲು ಒಂಟಿತನ ಎಷ್ಟಿತ್ತೆಂದರೆ ಭಾನುವಾರ ಯಾರಾದರೂ ತಪ್ಪು ನಂಬರಿಗೆ ಫೋನ್ ಮಾಡಿದರೂ ಎರಡು ಮಾತು ಹೆಚ್ಚಿಗೆ ಆಡುತ್ತಿದ್ದೆ. ಊಟದ ವಿಷಯ ಕೇಳಬೇಡಿ. ಇಲ್ಲಿನ ಹೋಟೆಲಿನಲ್ಲಿ 'ಮೈಸೂರು ಮಸಾಲಾ' ತಿಂದ ದಿನ ನನಗೆ ನನ್ನ ಊರಿನ ಮೇಲೆಯೇ ಅನುಮಾನ ಬಂತು. ದೋಸೆಯೊಳಗೆ ಬೀಟ್‌ರೂಟು, ಮೇಲೆ ಬೆಣ್ಣೆಯ ಗಡ್ಡೆ. ಪಕ್ಕದ ಮನೆಯ ಜಲಜಕ್ಕನಿಗೆ ಇದನ್ನು ಹೇಳಿದೆ. ಅವರು ಉಡುಪಿ ಕಡೆಯವರು, ಗಂಡ ಅಂಥದೇ ಒಂದು ಹೋಟೆಲಿನಲ್ಲಿ ಮ್ಯಾನೇಜರು. "ಇಲ್ಲಿಯವರಿಗೆ ಹಾಗೇ ಬೇಕು ಮಾರಾಯ್ರೆ, ನಾವು ಎಂತ ಮಾಡುದು? ನೀವು ಮೈಸೂರಿನವರು ಅಂತ ಹೇಳಿದ್ರೆ ನೀವೇ ಸುಳ್ಳು ಅಂತಾರೆ" ಎಂದು ನಕ್ಕುಬಿಟ್ಟರು. ಅವರ ಇಬ್ಬರು ಮಕ್ಕಳಿಗೂ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಆದರೆ ಉತ್ತರ ಬರುತ್ತಿದ್ದುದು ಹಿಂದಿಯಲ್ಲಿ.

ನನ್ನ ಕನ್ನಡವೆಲ್ಲ ರೈಲಿನಲ್ಲಿತ್ತು. ಕೋಪರ್, ದಿವಾ, ಮುಂಬ್ರಾ, ಕಳವಾ, ಠಾಣೆ. ಅಷ್ಟು ಹೊತ್ತು ಗಂಗು ಪುಸ್ತಕ ಓದುತ್ತಿದ್ದೆ. ತುಟಿ ಅಲ್ಲಾಡಿಸಿಕೊಂಡು ಓದುವ ಅಭ್ಯಾಸ ಅಮ್ಮನಿಂದ ಬಂದದ್ದು. ಮುಗಿದರೆ ಮತ್ತೆ ಮೊದಲಿನಿಂದ. ಕೆಲವು ವಾರಗಳಲ್ಲಿ ವಿಚಿತ್ರವೊಂದು ಗಮನಕ್ಕೆ ಬಂತು: ನನಗೆ ದಿನವೂ ಜಾಗ ಸಿಗುತ್ತಿತ್ತು! ಮೂವರು ಕೂರುವ ಸೀಟಿನ ಅಂಚಿನಲ್ಲಿ ನಾಲ್ಕನೆಯವಳು ಅರ್ಧ ಕೂತು ಅರ್ಧ ಜೋತಾಡುವ ಜಾಗಕ್ಕೆ ಇಲ್ಲಿ 'ಚೌಥೀ ಸೀಟ್' ಎನ್ನುತ್ತಾರೆ. ಶೈಲಾತಾಈ ಎಂಬವರು ತಾವು ಚೌಥೀ ಸೀಟಿಗೆ ಸರಿದು ನನ್ನನ್ನು ಒಳಗೆ ಕೂರಿಸುತ್ತಿದ್ದರು. ಐವತ್ತರ ಆಸುಪಾಸಿನ, ಗಟ್ಟಿ ಗಂಟಲಿನ ಹೆಂಗಸು. ಮರಾಠಿಯಲ್ಲಿ ತಾಈ ಎಂದರೆ ಅಕ್ಕ. ನಾನು ಪುಸ್ತಕ ತೆರೆದರೆ ಸುತ್ತಲಿನವರ ಮಾತು ತಗ್ಗುತ್ತಿತ್ತು. ಮರಾಠಿಗರು ಓದುವವರಿಗೆ ಎಷ್ಟು ಮರ್ಯಾದೆ ಕೊಡುತ್ತಾರೆ ಎಂದು ಅಣ್ಣನಿಗೆ ಕಾಗದವನ್ನೂ ಬರೆದೆ.

ಒಂದು ದಿನ ಕ್ಲಿಪ್ಪು, ಬಿಂದಿ ಮಾರುವವಳು ತನ್ನ ತಟ್ಟೆಯನ್ನು ನನ್ನ ಪುಸ್ತಕದ ಮೇಲೆಯೇ ಊರಿದಳು. ಶೈಲಾತಾಈ ಗದರಿದರು: "ಅಗಂ, ಪೋಥೀ ಆಹೇ ತೀ!" ಆಕೆ ನಾಲಗೆ ಕಚ್ಚಿಕೊಂಡು ಪುಸ್ತಕ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಪೋಥೀ ಎಂದರೆ ಪಾರಾಯಣ ಗ್ರಂಥ. ಇಲ್ಲಿನವರು ಅದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಡುತ್ತಾರೆ, ಎಷ್ಟೋ ಹೆಂಗಸರು ದಿನಕ್ಕೊಂದು ಅಧ್ಯಾಯವನ್ನು ರೈಲಿನಲ್ಲಿಯೇ ಓದಿ ಮುಗಿಸುತ್ತಾರೆ. ಕೆಂಪು ಬಟ್ಟೆ, ಜರಿಯಂಚು, ಅರಿಸಿನ, ಅಲ್ಲಾಡುವ ತುಟಿ, ಆಗಾಗ ಕಣ್ಣಲ್ಲಿ ನೀರು. ನನ್ನ ಭಕ್ತಿಗೆ ಇನ್ನೇನು ಸಾಕ್ಷಿ ಬೇಕಿತ್ತು?

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಸೀಟಿನ ಆಸೆ ಇದ್ದದ್ದು ನಿಜ. ಅದಕ್ಕಿಂತ ಹೆಚ್ಚಾಗಿ, ಈ ಊರಿನಲ್ಲಿ ನನಗೊಂದು ಸ್ಥಾನ ಅಂತ ಇದ್ದದ್ದು ಅದೊಂದೇ. ಜಲಜಕ್ಕನಿಗೆ ಹೇಳಿಕೊಂಡಾಗ ಅವರು ಮೀನು ಹೆಚ್ಚುವುದನ್ನು ನಿಲ್ಲಿಸಿ ನೋಡಿದರು. "ದೇವರ ಹೆಸರಲ್ಲಿ ಸೀಟು ಹಿಡಿದದ್ದಾ? ಒಳ್ಳೆ ಜನ ಮಾರಾಯ್ರೆ ನೀವು. ಒಂದು ದಿನ ಸಿಕ್ಕಿ ಬೀಳ್ತೀರಿ ನೋಡಿ."

ಆ ದಿನ ಮಳೆಗಾಲ ಮುಗಿಯುವ ಮೊದಲೇ ಬಂತು. ಶೈಲಾತಾಈಯ ಮಗಳು ಮುಗ್ಧಾಗೆ ಎರಡು ಸಲ ಗರ್ಭ ನಿಂತಿರಲಿಲ್ಲ. ಮೂರನೆಯದು ಏಳನೇ ತಿಂಗಳಿಗೆ ಬಂದಿತ್ತು. ಅಲುಗಾಡಬಾರದೆಂದು ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಶೈಲಾತಾಈ ನನ್ನ ಕೈ ಹಿಡಿದು, ಭಾನುವಾರ ಬಂದು ಅವಳ ತಲೆದೆಸೆಯಲ್ಲಿ ಕೂತು ನಿನ್ನ ಪೋಥೀಯ ಒಂದು ಅಧ್ಯಾಯ ಓದು ಎಂದು ಕೇಳಿದರು. ಅರ್ಥ ಆಗದಿದ್ದರೂ ಪರವಾಗಿಲ್ಲ, ಕಿವಿಗೆ ಬಿದ್ದರೆ ಸಾಕಂತೆ. ಹೂಂ ಎಂದೆ.

ಭಾನುವಾರ ಆಸ್ಪತ್ರೆಯ ಮೊಗಸಾಲೆಯಲ್ಲಿ ನಾನು ನಿಂತುಬಿಟ್ಟೆ. ಸೀಟಿಗಾಗಿ ಸುಮ್ಮನಿದ್ದದ್ದು ಬೇರೆ. ಬಸುರಿಯ ಮುಂದೆ ಸುಳ್ಳು ಪಾರಾಯಣ ಮಾಡುವುದು ನನ್ನಿಂದ ಆಗದ ಕೆಲಸವಾಗಿತ್ತು. "ತಾಈ, ಇದು ಪೋಥೀ ಅಲ್ಲ. ಕಾದಂಬರಿ. ನನ್ನಮ್ಮ ಓದುತ್ತಿದ್ದ ಕಥೆ ಪುಸ್ತಕ" ಎಂದು ನನ್ನ ಹರುಕು ಹಿಂದಿಯಲ್ಲಿ ಹೇಳಿಬಿಟ್ಟೆ.

ಶೈಲಾತಾಈಗೆ ಸಿಟ್ಟು ಬಂದರೆ ಮರಾಠಿ ಬಿಟ್ಟು ಹಿಂದಿಗೆ ಬರುತ್ತಿದ್ದರು, ನನಗೆ ಚೆನ್ನಾಗಿ ತಿಳಿಯಲಿ ಎಂದಿರಬೇಕು. "ತೀನ್ ಮಹೀನಾ! ತೀನ್ ಮಹೀನಾ ಮೈಂ ಚೌಥೀ ಸೀಟ್ ಪೇ ಬೈಠೀ, ತೇರೇ ನಾವೆಲ್ ಕೇ ಲಿಯೇ?" ಮೂರು ತಿಂಗಳು ನಿನ್ನ ಕಾದಂಬರಿಗಾಗಿ ಅಂಚಿನಲ್ಲಿ ಕೂತೆನೇ ಎಂದು. ಅವರ ಕಣ್ಣಲ್ಲಿ ನೀರಿತ್ತು. ಕಳೆದುಕೊಂಡದ್ದು ಸೀಟಲ್ಲ, ಒಂದು ಆಸರೆ ಎಂದು ನನಗೆ ಗೊತ್ತಿತ್ತು.

ಒಳಗಿನಿಂದ ಮುಗ್ಧಾಳ ದನಿ ಬಂತು: "ಆಈ, ಕಾದಂಬರೀ ಆಹೇ ಕಾ? ಮಗ್ ಬೋಲವ್ ನಾ ತಿಲಾ!" ಕಾದಂಬರಿಯಾದರೆ ಒಳಗೆ ಕರೆಯಮ್ಮಾ. ಎರಡು ತಿಂಗಳಿಂದ ಬಂದವರೆಲ್ಲ ಸ್ತೋತ್ರ ಹೇಳಿ ಹೋಗುತ್ತಿದ್ದಾರೆ, ಸೀಲಿಂಗ್ ನೋಡಿ ನೋಡಿ ಹುಚ್ಚು ಹಿಡಿಯುತ್ತಿದೆ ಎಂದಳು. ಶೈಲಾತಾಈ ನನ್ನತ್ತ ನೋಡದೆಯೇ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ಕನ್ನಡದಲ್ಲಿ ಒಂದು ವಾಕ್ಯ ಓದುವುದು, ಹಿಂದಿ ಮರಾಠಿ ಕಲಸಿ ಅದನ್ನು ಹೇಳುವುದು. ಜಗಲಿ ಎನ್ನುವುದಕ್ಕೆ ಅವರ ಭಾಷೆಯಲ್ಲಿ 'ಓಟಾ' ಎಂದು ಮುಗ್ಧಾ ಹೇಳಿಕೊಟ್ಟಳು. ಕ್ರಿಯಾಪದ ತಪ್ಪಿದಾಗಲೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಗಬೇಡ ಎಂದು ನರ್ಸ್ ಬೈಯುತ್ತಿದ್ದಳು. ನಾನು ಮರಾಠಿ ಕಲಿತದ್ದು ಆ ಹಾಸಿಗೆಯ ಪಕ್ಕದಲ್ಲಿ. ಭಾನುವಾರ ಮುಗಿದು ಸೋಮವಾರ ಬಂದರೆ ರೈಲಿನಲ್ಲಿ ಶೈಲಾತಾಈ ಕಿಟಕಿಯ ಕಡೆ ಮುಖ ತಿರುಗಿಸಿರುತ್ತಿದ್ದರು. ಈಗ ಚೌಥೀ ಸೀಟು ನನ್ನದು. ಎರಡನೆಯ ವಾರ, ಮುಂಬ್ರಾ ದಾಟಿದ ಮೇಲೆ, ಕಿಟಕಿಯಿಂದ ಮುಖ ತೆಗೆಯದೆಯೇ ಕೇಳಿದರು: "ಮಗ್ ಕಾಯ್ ಝಾಲಂ?" ಆಮೇಲೇನಾಯಿತು? ಗಂಗುವಿಗೆ ಮಗು ಹುಟ್ಟಿತು ಎಂದೆ. ಅವರ ಭುಜ ಸಡಿಲವಾದದ್ದು ನನಗೆ ಕಾಣಿಸಿತು.

ಮೂರನೆಯ ಭಾನುವಾರ ಹನ್ನೆರಡನೆಯ ಅಧ್ಯಾಯ. ಅದರಲ್ಲಿ ಗಂಗುವಿನ ಮಗು ಜ್ವರದಲ್ಲಿ ಸಾಯುತ್ತದೆ. ಅಮ್ಮ ಪ್ರತಿಸಲವೂ ಅಳುತ್ತಿದ್ದ ಜಾಗ, ಅರಿಸಿನದ ಗುರುತು ಎಲ್ಲಕ್ಕಿಂತ ದಟ್ಟವಾಗಿರುವ ಪುಟ. ಬರುವ ದಾರಿಯುದ್ದಕ್ಕೂ ಇದನ್ನು ಹೇಗೆ ಓದಲಿ ಎಂದು ಯೋಚಿಸಿ ಯೋಚಿಸಿ ಸಾಕಾಗಿತ್ತು. ಮುಗ್ಧಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕಾಯುತ್ತಿದ್ದಳು. ನಾನು ಹಾಳೆ ಮಗುಚಿದೆ. "ಬೆಳಗಿನ ಹೊತ್ತಿಗೆ ಜ್ವರ ಇಳಿಯಿತು. ಮಗು ಕಣ್ಣು ಬಿಟ್ಟಿತು" ಎಂದೆ. ಪುಸ್ತಕದಲ್ಲಿಲ್ಲದ ಮಾತು.

ಒಂದು ಜೀವ ಉಳಿಸಿದರೆ ಎಷ್ಟು ಕೆಲಸ ಹೆಚ್ಚುತ್ತದೆ ಎಂದು ಆಮೇಲೆ ಗೊತ್ತಾಯಿತು! ಆ ಮಗುವಿಗೆ ಹಲ್ಲು ಬರಿಸಬೇಕು, ನಡೆಸಬೇಕು, ಶಾಲೆಗೆ ಕಳಿಸಬೇಕು. ಪುಸ್ತಕದ ಗಂಗು ದುಃಖ ತಾಳದೆ ಆ ಊರು ಬಿಡುತ್ತಾಳೆ. ನನ್ನ ಗಂಗು ಮಗುವಿನ ಶಾಲೆಯ ಸಲುವಾಗಿ ಅಲ್ಲಿಯೇ ಉಳಿದಳು. ಮುಗಿದುಹೋದ ಪುಸ್ತಕವನ್ನು ಮುಂದೆ ಹಿಡಿದುಕೊಂಡು ಇನ್ನೂ ಐದು ಭಾನುವಾರ ಕಥೆ ಕಟ್ಟಿದೆ. ಎಂಟು ತಿಂಗಳು ತುಂಬುತ್ತಿದ್ದಂತೆ ಮುಗ್ಧಾಗೆ ಹೆಣ್ಣುಮಗು ಆಯಿತು. ಅಂಗೈಯಷ್ಟಿತ್ತು, ಉಳಿಯಿತು. ಸೋಮವಾರ ಶೈಲಾತಾಈ ಇಡೀ ಡಬ್ಬಕ್ಕೆ ಪೇಢಾ ಹಂಚಿದರು. ನನ್ನ ಬಾಯಿಗೆ ತಾವೇ ತುರುಕಿದರು.

ಹತ್ತು ವರ್ಷ ಹತ್ತಿರವಾಯಿತು. ಆ ಮಗು ಈರಾ, ಈಗ ಒಂಬತ್ತು ದಾಟಿದ ಮಾತಿನಮಲ್ಲಿ. ನನ್ನನ್ನು ಮಾವಶೀ ಎನ್ನುತ್ತಾಳೆ, ಎಂದರೆ ಚಿಕ್ಕಮ್ಮ. ಅವಳಿಗೂ ಗಂಗು ಕಥೆಯೇ ಬೇಕು, ಅದರಲ್ಲೂ ಗಂಗುವಿನ ಮಗು ಮಾಡುವ ತಂಟೆಗಳೇ ಬೇಕು. ಅವೆಲ್ಲ ನಾನು ಹೊಸೆದದ್ದು. ವರ್ಷಕ್ಕೊಮ್ಮೆ ಮೈಸೂರಿಗೆ ಹೋಗುವಾಗ ಪುಸ್ತಕವನ್ನೂ ಒಯ್ದು ಅಣ್ಣನ ಮನೆಯಲ್ಲಿ ತೆರೆದರೆ ಹನ್ನೆರಡನೆಯ ಅಧ್ಯಾಯದಲ್ಲಿ ಮಗು ಸಾಯುತ್ತದೆ, ನಾನು ಅಮ್ಮನಂತೆಯೇ ಅಳುತ್ತೇನೆ. ಡೊಂಬಿವಲಿಗೆ ವಾಪಸು ಬಂದರೆ ಅದು ಬದುಕಿರುತ್ತದೆ. ಎರಡರಲ್ಲಿ ಒಂದನ್ನು ನಿಜ ಎನ್ನಲು ನನ್ನಿಂದ ಆಗುವುದಿಲ್ಲ.

ಹೋದ ತಿಂಗಳು ಈರಾ ಎರಡು ಗೆರೆಯ ನೋಟ್‌ಬುಕ್ ಹಿಡಿದುಕೊಂಡು ಬಂದಳು. ನಿಮ್ಮ ಅಕ್ಷರ ಕಲಿಸು, ಗಂಗುವನ್ನು ನಾನೇ ಓದುತ್ತೇನೆ ಎಂದಳು. ಜಲಜಕ್ಕನ ಮಕ್ಕಳ ಹಿಂದೆ ಕನ್ನಡ ಪುಸ್ತಕ ಹಿಡಿದು ಓಡಿ ಸೋತವಳು ನಾನು. ಈಗ ಒಂದು ಮರಾಠಿ ಮಗು ತಾನಾಗಿ ಬಂದು ಕೇಳಿದರೆ ನಾನು ನೆಪ ಹುಡುಕತೊಡಗಿದೆ, ಓದಲು ಬಂದರೆ ಮಗು ಸಾಯುವ ಪುಟ ಅವಳ ಕಣ್ಣಿಗೆ ಬೀಳುತ್ತದಲ್ಲ. ಶೀತ ಎಂದೆ, ಆಡಿಟ್ ಎಂದೆ. ಕನ್ನಡ ಕಲಿಸು ಎಂದವರಿಂದ ತಪ್ಪಿಸಿಕೊಂಡು ಓಡಾಡಿದ ಕನ್ನಡತಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಕೊನೆಗೆ ತಡೆಯಲಾರದೆ ಮುಗ್ಧಾಗೆ ಫೋನ್ ಮಾಡಿ, ಆ ಪುಟದಲ್ಲಿ ಏನಿದೆ ಎಂಬುದನ್ನು ಬಾಯಿಬಿಟ್ಟು ಹೇಳಿದೆ.

"ನನಗೆ ಗೊತ್ತಿತ್ತು ತಾಈ. ಆವತ್ತು ನೀನು ಒಟ್ಟಿಗೆ ನಾಲ್ಕು ಹಾಳೆ ಮಗುಚಿದೆ. ನಾನು ನೋಡಿದೆ."

"ಮತ್ತೆ ಯಾಕೆ ಕೇಳಲಿಲ್ಲ?"

"ಕೇಳಿದ್ದರೆ ನೀನು ನಿಜ ಹೇಳಿಬಿಡುತ್ತಿದ್ದೆ. ಮೊಗಸಾಲೆಯಲ್ಲಿ ಆಈಗೆ ಹೇಳಿದ ಹಾಗೆ."

ಪಾಠ ಶುರುವಾಗಿದೆ. ನಾಗರಿ ಲಿಪಿ ಬಲ್ಲ ಮಗು, ವರ್ಣಮಾಲೆ ಎರಡು ವಾರದಲ್ಲಿ ಮುಗಿಯಿತು, ಈಗ ಒತ್ತಕ್ಷರ, ಜೊತೆಜೊತೆಗೆ ಪದಗಳ ಅರ್ಥ. ಹೊಸ ಅಕ್ಷರ ಬರೆದಾಗಲೆಲ್ಲ ನಾಲಗೆಯ ತುದಿಯನ್ನು ಹೊರಗೆ ಚಾಚಿರುತ್ತಾಳೆ. ಹೀಗೇ ನಡೆದರೆ ದೀಪಾವಳಿಯ ಹೊತ್ತಿಗೆ ಹನ್ನೆರಡನೆಯ ಅಧ್ಯಾಯಕ್ಕೆ ಬರುತ್ತಾಳೆ. ಆ ದಿನ ನಾನು ಪಕ್ಕದಲ್ಲಿಯೇ ಕೂತಿರುತ್ತೇನೆ. ಅವಳು ಅತ್ತರೆ ಯಾವ ಭಾಷೆಯಲ್ಲಿ ಸಮಾಧಾನ ಮಾಡಬೇಕೋ, ಅದು ಮಾತ್ರ ನನಗೆ ಇನ್ನೂ ಗೊತ್ತಾಗಿಲ್ಲ.